ವೆನ್ಸ್‌ಡೇ ಕುಣಿತದ ಹಿಂದಿನ ಸೂಝಿ ಸೂ: ಪಂಕ್ ಬ್ಯಾಂಡೊಂದು ‘ಗಾಥ್’ ಆದ ಕತೆ

ಎರಡು ಜಡೆ, ಕಪ್ಪು ಫ್ರಾಕು, ರೆಪ್ಪೆ ಮಿಟುಕಿಸದ ಕಣ್ಣು. 2022ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ‘ವೆನ್ಸ್‌ಡೇ’ ಸೀರೀಸ್ ಬಂದ ಮೇಲೆ ಅದರ ನಾಯಕಿಯ ಕುಣಿತ ಯಾರ ಮೊಬೈಲನ್ನೂ ಬಿಡಲಿಲ್ಲ. ನನ್ನ ಅಕ್ಕನ ಮಗಳು ಅಮ್ಮನ ಕಾಡಿಗೆ ಡಬ್ಬಿಯನ್ನು ಒಂದೇ ಸಂಜೆಯಲ್ಲಿ ಅರ್ಧ ಖಾಲಿ ಮಾಡಿ ರೀಲ್ಸ್ ಮಾಡಿದಳು. ಏನೇ ಇದು ಎಂದರೆ, ‘ಇದು ಗಾಥ್ ಮಾಮ, ನಿಂಗೆ ಗೊತ್ತಾಗಲ್ಲ’ ಎಂದಳು. ಗಾಥ್ ಅಂದ್ರೆ ಏನು ಎಂದು ಮತ್ತೆ ಕೇಳಿದೆ. ‘ಕಪ್ಪು ಬಟ್ಟೆ ಹಾಕ್ಕೊಳ್ಳೋದು, ಅಷ್ಟೇ.’

ಅಷ್ಟೇ ಅಲ್ಲ. ರೀಲ್ಸ್‌ನಲ್ಲಿ ಆ ಕುಣಿತಕ್ಕೆ ಲೇಡಿ ಗಾಗಾ ಹಾಡು ಅಂಟಿಕೊಂಡಿತು. ಸೀರೀಸ್‌ನಲ್ಲಿ ಇದ್ದದ್ದು ಕ್ರಾಂಪ್ಸ್ ಎಂಬ ಹಳೆಯ ಅಮೆರಿಕನ್ ಬ್ಯಾಂಡಿನ ಹಾಡು. ಕುಣಿತ ಕಟ್ಟಿದ್ದು ನಟಿ ಜೆನ್ನಾ ಒರ್ಟೆಗಾ ತಾನೇ. ಯಾರ್ಯಾರನ್ನು ನೋಡಿ ಕಲಿತೆ ಎಂದು ಆಕೆ ಥ್ಯಾಂಕ್ಸ್ ಹೇಳಿದ ಪಟ್ಟಿಯಲ್ಲಿ ಸೂಝಿ ಸೂ ಎಂಬ ಹೆಸರಿತ್ತು. 80ರ ದಶಕದಲ್ಲಿ ಕ್ಲಬ್ಬುಗಳಲ್ಲಿ ಕುಣಿಯುತ್ತಿದ್ದ ಗಾಥ್‌ಗಳ ಹಳೆಯ ವಿಡಿಯೊಗಳೂ ಇದ್ದವು. ಆ ವಿಡಿಯೊಗಳಲ್ಲಿ ಅರ್ಧ ಹುಡುಗಿಯರು ಕಾಣುವುದೂ ಸೂಝಿಯ ಹಾಗೆಯೇ ಎನ್ನಿ.

ಸೂಝಿ ಸೂ ಲಂಡನ್ನಿನ ಗಾಯಕಿ. ಅವಳ ಬ್ಯಾಂಡಿನ ಹೆಸರು ‘ಸೂಝಿ ಅಂಡ್ ದ ಬ್ಯಾನ್‌ಶೀಸ್’. ಇಂಗ್ಲಿಷಿನಲ್ಲಿ ಆ ಹೆಸರಿನ ಅಕ್ಷರ ನೋಡಿದರೆ ‘ಸಿಯೋಕ್ಸಿ’ ಎಂದು ಓದಬೇಕು ಅನ್ನಿಸುತ್ತದೆ. ಅಮೆರಿಕದ ಮೂಲನಿವಾಸಿಗಳಲ್ಲಿ ಸೂ ಎಂಬ ಜನಾಂಗವಿದೆ, ಅವರ ಹೆಸರಿನ ಅಕ್ಷರಗಳನ್ನು ಈಕೆ ತನ್ನ ಹೆಸರಿಗೆ ಸೇರಿಸಿಕೊಂಡಳು. ಬಾಯಲ್ಲಿ ಹೇಳುವಾಗ ಸೂಝಿ, ಹೆಚ್ಚುಕಡಿಮೆ ನಮ್ಮ ಸೂಜಿ. ಬಟ್ಟೆಗೆಲ್ಲ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದ ಪಂಕ್ ಹುಡುಗಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆ ಹೆಸರು ಸಿಗುತ್ತಿರಲಿಲ್ಲ.

ಮೊದಲು ಮೂರು ಪದ

ಪಂಕ್ ಎಂದರೆ 70ರ ದಶಕದ ನಡುವೆ ಬಂದ ಒಂದು ಬಗೆಯ ರಾಕ್ ಸಂಗೀತ. ಅಷ್ಟು ಹೊತ್ತಿಗೆ ರಾಕ್ ಭಾರಿ ದುಬಾರಿಯಾಗಿತ್ತು. ಹತ್ತು ಹದಿನೈದು ನಿಮಿಷದ ಹಾಡು, ಲಾರಿಗಟ್ಟಲೆ ಸಾಮಾನು, ವರ್ಷಗಟ್ಟಲೆ ಕಲಿತವರಿಗೆ ಮಾತ್ರ ವೇದಿಕೆ. ಇತ್ತ ಬ್ರಿಟನ್ನಿನಲ್ಲಿ ಬೆಲೆ ಏರಿಕೆ, ಹುಡುಗರಿಗೆ ಕೆಲಸವಿಲ್ಲ. 1976ರಲ್ಲಿ ಸರ್ಕಾರವೇ ಐಎಂಎಫ್ ಬಳಿ ಸಾಲಕ್ಕೆ ಹೋಯಿತು. ಗಿಟಾರಿನಲ್ಲಿ ಮೂರು ಸ್ವರಗುಚ್ಛ (ಕಾರ್ಡ್) ಬಂದರೆ ಸಾಕು, ಎರಡೂವರೆ ನಿಮಿಷ ಕೂಗು, ಇಳಿ ಎಂದಿತು ಪಂಕ್.

ಗಾಥಿಕ್ ಪದದ ಪ್ರಯಾಣ ಉದ್ದ. ಗಾಥ್ ಎಂದರೆ ರೋಮ್ ಸಾಮ್ರಾಜ್ಯದ ಮೇಲೆ ನುಗ್ಗಿದ ಒಂದು ಜರ್ಮನ್ ಬುಡಕಟ್ಟು. ಮುಂದೆ ಚೂಪು ಕಮಾನು, ಎತ್ತರದ ಗೋಪುರಗಳ ಚರ್ಚುಗಳನ್ನು ಕಂಡು ಮೂಗು ಮುರಿದ ಇಟಲಿಯ ಪಂಡಿತರು, ಇದು ಗಾಥ್‌ಗಳಂಥ ಕಾಡುಜನರ ಕಟ್ಟಡ ಎಂದರು. ಬೈಗುಳವೇ ಹೆಸರಾಗಿ ಉಳಿಯಿತು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ನೋಡಿದ್ದೀರಲ್ಲ, ಅದು ಆ ಶೈಲಿಯದು. 18ನೇ ಶತಮಾನದಲ್ಲಿ ಇಂಥ ಹಳೆಯ ಕೋಟೆ, ಮಠಗಳಲ್ಲಿ ನಡೆಯುವ ಭಯದ ಕತೆಗಳು ಬಂದವು. ಅವು ಗಾಥಿಕ್ ಕಾದಂಬರಿಗಳಾದವು. ಹೀಗೆ ಒಂದು ಬುಡಕಟ್ಟಿನ ಹೆಸರು ಕತ್ತಲೆ, ಸಾವು, ಹಳೆ ಮನೆಗಳ ಪದವಾಯಿತು.

ಬ್ಯಾನ್‌ಶೀ ಐರ್ಲೆಂಡಿನ ಜನಪದ ಕತೆಗಳ ಹೆಣ್ಣು ಭೂತ. ಅವಳು ಯಾರನ್ನೂ ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ. ಮನೆಯಲ್ಲಿ ಸಾವು ಬರುವ ಮುಂಚೆ ಹೊರಗೆ ನಿಂತು ಗೋಳಾಡುತ್ತಾಳೆ. ನಮ್ಮಲ್ಲಿ ಗೂಬೆ ಕೂಗಿದರೆ ಮುದುಕಿಯರು ‘ಥೂ, ಥೂ’ ಎನ್ನುತ್ತಾರಲ್ಲ, ಅಂಥದ್ದು. ಟೀವಿಯಲ್ಲಿ ನೋಡಿದ ಒಂದು ಹಾರರ್ ಸಿನಿಮಾದಿಂದ ಎತ್ತಿಕೊಂಡ ಹೆಸರು.

ಹಾಡೇ ಇಲ್ಲದ ಮೊದಲ ಕಛೇರಿ

ಗಣೇಶೋತ್ಸವದಲ್ಲಿ ಬುಕ್ ಆಗಿದ್ದ ಆರ್ಕೆಸ್ಟ್ರಾ ಕೈಕೊಟ್ಟಿತು ಅಂದುಕೊಳ್ಳಿ. ಒಂದು ಗಂಟೆ ಖಾಲಿ. ಮುಂದಿನ ಸಾಲಲ್ಲಿ ಕೂತ ಹುಡುಗಿ ಕೈಯೆತ್ತಿ ‘ನಾವು ಹಾಡ್ತೀವಿ’ ಎನ್ನುತ್ತಾಳೆ. ಅವಳಿಗೆ ತಂಡವೇ ಇಲ್ಲ.

ಹೆಚ್ಚುಕಡಿಮೆ ಹೀಗೇ ಆಯಿತು. 1976ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿರುವ 100 ಕ್ಲಬ್‌ನಲ್ಲಿ ಎರಡು ದಿನದ ಪಂಕ್ ಹಬ್ಬ. ನಡೆಸಿದವರಲ್ಲಿ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಮ್ಯಾನೇಜರ್ ಮಾಲ್ಕಮ್ ಮೆಕ್‌ಲಾರೆನ್ ಒಬ್ಬ. ಪಟ್ಟಿಯಲ್ಲಿ ಜಾಗ ಖಾಲಿ ಇತ್ತು, ಸೂಝಿ ಒಪ್ಪಿಕೊಂಡಳು. ಅವಳಿಗೆ ಆಗ 19. ಪಿಸ್ಟಲ್ಸ್ ಹೋದಲ್ಲೆಲ್ಲ ಹಿಂಬಾಲಿಸುತ್ತಿದ್ದ ಗೆಳೆಯರ ಗುಂಪಿನಲ್ಲಿ ಅವಳೂ ಒಬ್ಬಳು. ಬೇಸ್ ಗಿಟಾರ್ ಹಿಡಿದವನು ಸ್ಟೀವನ್ ಸೆವೆರಿನ್. ರಾಕ್ಸಿ ಮ್ಯೂಸಿಕ್ ಬ್ಯಾಂಡಿನ ಕಾರ್ಯಕ್ರಮದಲ್ಲಿ ಪರಿಚಯವಾದ ಗೆಳೆಯ. ಗಿಟಾರ್‌ಗೆ ಮಾರ್ಕೊ ಪಿರೋನಿ. ಡ್ರಮ್ಸ್‌ಗೆ ಸಿಡ್ ವಿಷಸ್, ಮುಂದೆ ಸೆಕ್ಸ್ ಪಿಸ್ಟಲ್ಸ್ ಸೇರಿ ಕುಖ್ಯಾತನಾದ ಅದೇ ಸಿಡ್.

ಹಾಡು ಒಂದೂ ಬರುತ್ತಿರಲಿಲ್ಲ. ಹಾಗಾಗಿ ಬಾಯಿಪಾಠ ಬರುವುದನ್ನೇ ಹಾಡಿದರು: ಕ್ರೈಸ್ತರ ‘ಲಾರ್ಡ್ಸ್ ಪ್ರೇಯರ್’. ಸಿಡ್ ಒಂದೇ ಸಮನೆ ಬಡಿಯುತ್ತಾ ಹೋದ. ಸೂಝಿ ಪ್ರಾರ್ಥನೆಯ ಸಾಲುಗಳ ನಡುವೆ ಬೇರೆ ಹಾಡುಗಳ ತುಣುಕು ತುರುಕುತ್ತಾ ಹೋದಳು. ಸುಮಾರು 20 ನಿಮಿಷ. ಇಳಿಸಿಬಿಡುತ್ತಾರೆ ಅಂದುಕೊಂಡಿದ್ದರು, ಯಾರೂ ಇಳಿಸಲಿಲ್ಲ.

ಆ ರಾತ್ರಿಗೆ ಮುಗಿಯಬೇಕಿದ್ದ ತಮಾಷೆ 20 ವರ್ಷ ನಡೆಯಿತು.

ಸಿಡ್ ಮತ್ತು ಮಾರ್ಕೊ ತಮ್ಮ ದಾರಿ ಹಿಡಿದರು. ಮುಂದೆ ಜಾನ್ ಮೆಕೇ ಗಿಟಾರ್‌ಗೆ, ಕೆನ್ನಿ ಮಾರಿಸ್ ಡ್ರಮ್ಸ್‌ಗೆ ನಿಂತರು. ಬಿಬಿಸಿ ರೇಡಿಯೊದ ಜಾನ್ ಪೀಲ್ 1977ರ ಕೊನೆಯಲ್ಲಿ ಇವರನ್ನು ಕರೆಸಿ ಹಾಡಿಸಿದ. ಹಾಲ್ ತುಂಬುತ್ತಿತ್ತು. ಆದರೆ ರೆಕಾರ್ಡ್ ಮಾಡಲು ಕಂಪನಿ ಸಿಗಲಿಲ್ಲ. ಅಭಿಮಾನಿಗಳು ಲಂಡನ್ನಿನ ರೆಕಾರ್ಡ್ ಕಂಪನಿಗಳ ಗೋಡೆ ಮೇಲೆ ‘ಬ್ಯಾನ್‌ಶೀಸ್ ಜೊತೆ ಸಹಿ ಹಾಕಿ’ ಎಂದು ಬಣ್ಣದಲ್ಲಿ ಬರೆದರು. ಕೊನೆಗೆ 1978ರ ಜೂನ್‌ನಲ್ಲಿ ಪಾಲಿಡಾರ್ ಒಪ್ಪಿತು.

ಭೂತ ಇದ್ದದ್ದು ಅಡುಗೆಮನೆಯಲ್ಲಿ

ಈ ಬ್ಯಾಂಡಿನ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಇದು. ಗಾಥ್ ಎಂದ ಕೂಡಲೇ ನಾವು ಸ್ಮಶಾನ, ಬಾವಲಿ, ಶವಪೆಟ್ಟಿಗೆ ನೆನೆಯುತ್ತೇವೆ. ಸೂಝಿಯ ಶುರುವಿನ ಹಾಡುಗಳಲ್ಲಿ ಹೆದರಿಕೆ ಬರುವುದು ಒಪ್ಪವಾಗಿ ಒರೆಸಿಟ್ಟ ಮಧ್ಯಮವರ್ಗದ ಮನೆಯಿಂದ.

ಅವಳ ನಿಜವಾದ ಹೆಸರು ಸೂಸನ್ ಬ್ಯಾಲಿಯನ್. 1957ರಲ್ಲಿ ಹುಟ್ಟಿದಳು, ಬೆಳೆದದ್ದು ಲಂಡನ್ನಿನ ಹೊರವಲಯದ ಚಿಸಲ್‌ಹರ್ಸ್ಟ್‌ನಲ್ಲಿ. ಸಾಲುಮನೆ, ಕತ್ತರಿಸಿದ ಹುಲ್ಲು, ಕಿಟಕಿಗೆ ಪರದೆ. ಅಪ್ಪ ಬೆಲ್ಜಿಯಂ ಹಿಡಿತದಲ್ಲಿದ್ದ ಕಾಂಗೋದಲ್ಲಿ ಹಾವುಗಳ ವಿಷ ತೆಗೆಯುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಕುಡಿತಕ್ಕೆ ಬಿದ್ದ. ಅವಳು 14ರ ಹುಡುಗಿಯಾಗಿದ್ದಾಗ ತೀರಿಕೊಂಡ.

1978ರ ನವೆಂಬರ್‌ನಲ್ಲಿ ಬಂದ ಮೊದಲ ಆಲ್ಬಂ ‘ದ ಸ್ಕ್ರೀಮ್’. ಅದರಲ್ಲೊಂದು ಹಾಡು ‘ಸಬರ್ಬನ್ ರಿಲ್ಯಾಪ್ಸ್’. ಗೃಹಿಣಿಯೊಬ್ಬಳು ಪಾತ್ರೆ ತೊಳೆಯುತ್ತಿದ್ದಾಳೆ. ತೊಳೆಯುತ್ತಾ ತೊಳೆಯುತ್ತಾ ಒಳಗೆ ಏನೋ ಪಟ್ಟಂತ ಹರಿಯುತ್ತದೆ. ದೆವ್ವವಿಲ್ಲ, ರಕ್ತಪಿಶಾಚಿಯಿಲ್ಲ, ಸಿಂಕು ಮತ್ತು ಅವಳು ಮಾತ್ರ. 1980ರ ‘ಹ್ಯಾಪಿ ಹೌಸ್’ ಇನ್ನೂ ತಣ್ಣಗಿದೆ: ಬನ್ನಿ, ನಮ್ಮದು ಸುಖದ ಮನೆ, ಇಲ್ಲಿ ಎಲ್ಲರೂ ಸುಖವಾಗಿದ್ದೇವೆ ಎಂದು ಹಾಡುತ್ತಾಳೆ. ಕೇಳುತ್ತಾ ಕೇಳುತ್ತಾ ನಮಗೆ ಬಾಗಿಲು ಎಲ್ಲಿದೆ ಎಂದು ಹುಡುಕುವ ಹಾಗಾಗುತ್ತದೆ. ವೀಕೆಂಡ್ ಎಂಬ ಗಾಯಕನ ಅಭಿಮಾನಿಗಳಿಗೆ ಈ ಹಾಡು ಆಗಲೇ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ. 2011ರ ‘ಹೌಸ್ ಆಫ್ ಬಲೂನ್ಸ್’ ಹಾಡು ನಿಂತಿರುವುದೇ ಇದರ ಗಿಟಾರಿನ ಮೇಲೆ.

ಮೊದಲ ಹಿಟ್ ಕೂಡ ಚಿಸಲ್‌ಹರ್ಸ್ಟ್‌ನದೇ. ಅಲ್ಲಿ ‘ಹಾಂಗ್‌ಕಾಂಗ್ ಗಾರ್ಡನ್’ ಎಂಬ ಚೀನಿ ಪಾರ್ಸೆಲ್ ಹೋಟೆಲ್ ಇತ್ತು. ತಲೆ ಬೋಳಿಸಿಕೊಂಡ ಜನಾಂಗದ್ವೇಷಿ ಪುಂಡರು ಬಂದು ಅಲ್ಲಿ ದುಡಿಯುವವರನ್ನು ಕಾಡುತ್ತಿದ್ದರು. ಅದನ್ನು ಕಂಡು ಸಂಕಟಪಟ್ಟು ಆ ಹಾಡು ಬರೆದೆ ಎಂದಳು ಸೂಝಿ. 1978ರ ಆಗಸ್ಟ್‌ನಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋಯಿತು. ಶುರುವಿನಲ್ಲಿ ಝೈಲೋಫೋನ್ ಟಿಣ್ ಟಿಣ್ ಎನ್ನುತ್ತದೆ. ಪರವಾಗಿ ಬರೆದ ಹಾಡಾದರೂ ಅದರ ಪದಗಳಲ್ಲಿ ಚೀನಿಯರ ಬಗ್ಗೆ ಇರುವ ಸಿದ್ಧಚಿತ್ರಗಳೇ ತುಂಬಿವೆ ಎಂಬ ಟೀಕೆ ಇದೆ. ಟೀಕೆ ಸುಳ್ಳಲ್ಲ.

ಆ ಸ್ವಸ್ತಿಕದ ವಿಷಯ

ಹಳೆಯ ಫೋಟೊ ಹುಡುಕಿದರೆ 1976ರ ಸೂಝಿಯ ತೋಳಿನ ಮೇಲೆ ಸ್ವಸ್ತಿಕದ ಪಟ್ಟಿ ಕಾಣುತ್ತದೆ. ನಮ್ಮ ಮನೆ ಬಾಗಿಲಿನ ಶುಭಚಿಹ್ನೆ ಅಲ್ಲ, ಹಿಟ್ಲರನ ನಾತ್ಸಿಗಳದ್ದು. ಯುರೋಪಿನಲ್ಲಿ ಅದನ್ನು ಹಾಕುವುದು ಲಕ್ಷಾಂತರ ಯಹೂದಿಗಳ ಕೊಲೆಯನ್ನು ಕೆಣಕಿದಂತೆ. ಯುದ್ಧದ ಕತೆ ಹೇಳಿ ಹೇಳಿ ತಲೆ ತಿನ್ನುವ ಹಿರಿಯರನ್ನು ರೇಗಿಸಲು ಹಾಕಿದೆವು, ರಾಜಕೀಯವಲ್ಲ ಎಂಬುದು ಅವಳ ಸಮಜಾಯಿಷಿ. ಎಷ್ಟೋ ಜನ ಅದನ್ನು ಒಪ್ಪಲಿಲ್ಲ. ಮುಂದೆ ಬ್ಯಾಂಡ್ ಹಾಡಿದ ‘ಮಿಟಾಗೈಸನ್’ ಹಾಡು, ಹಿಟ್ಲರನ ವಿರುದ್ಧ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಕಲೆ ಮಾಡಿದ ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್‌ಗೆ ಅರ್ಪಣೆ. 1980ರಲ್ಲಿ ‘ಇಸ್ರೇಲ್’ ಎಂಬ ಹಾಡೂ ಬಂತು. ಫೋಟೊ ಮಾತ್ರ ಇವತ್ತಿಗೂ ಅವಳ ಬೆನ್ನು ಬಿಟ್ಟಿಲ್ಲ.

ಅಬರ್ಡೀನ್‌ನಲ್ಲಿ ಓಡಿಹೋದವರು

1979ರ ಸೆಪ್ಟೆಂಬರ್ 7. ಎರಡನೇ ಆಲ್ಬಂ ‘ಜಾಯಿನ್ ಹ್ಯಾಂಡ್ಸ್’ ಹೊತ್ತುಕೊಂಡು ಊರೂರು ಸುತ್ತುತ್ತಿದ್ದರು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಒಂದು ರೆಕಾರ್ಡ್ ಅಂಗಡಿಗೆ ಸಹಿ ಹಾಕಲು ಹೋದಾಗ ಜಗಳವಾಯಿತು. ಗಿಟಾರಿನ ಮೆಕೇ, ಡ್ರಮ್ಸಿನ ಮಾರಿಸ್ ಇಬ್ಬರೂ ಎದ್ದು ಹೊರಟವರು ತಿರುಗಿ ಬರಲೇ ಇಲ್ಲ. ರಾತ್ರಿ ಕಾರ್ಯಕ್ರಮ, ಹಾಲ್ ತುಂಬಿದೆ, ಅರ್ಧ ಬ್ಯಾಂಡ್ ನಾಪತ್ತೆ.

ಮೊದಲ ಸರದಿಯಲ್ಲಿ ಬಾರಿಸಲು ಬಂದಿದ್ದ ಹುಡುಗರ ಬ್ಯಾಂಡೊಂದಿತ್ತು, ಹೆಸರು ‘ದ ಕ್ಯೂರ್’. ಅವರೇ ಆ ರಾತ್ರಿಯನ್ನು ಎಳೆದಾಡಿ ತುಂಬಿಸಿದರು. ಕೊನೆಗೆ ಸೂಝಿ, ಸೆವೆರಿನ್ ವೇದಿಕೆಗೆ ಬಂದು ಆದದ್ದು ಹೇಳಿ, ಕ್ಯೂರ್ ಹುಡುಗರ ಜೊತೆ ಹಾಡಿದ್ದು ಮತ್ತದೇ ‘ಲಾರ್ಡ್ಸ್ ಪ್ರೇಯರ್’. ಕಷ್ಟ ಬಂದಾಗ ಬಾಯಿಪಾಠವೇ ಗತಿ, ಅಲ್ವಾ?

ಪ್ರವಾಸ ಕೆಲವು ದಿನ ನಿಂತು ಮತ್ತೆ ಶುರುವಾಯಿತು. ಕ್ಯೂರ್‌ನ ರಾಬರ್ಟ್ ಸ್ಮಿತ್ ದಿನಾ ರಾತ್ರಿ ಮೊದಲು ತನ್ನ ಬ್ಯಾಂಡಿಗೆ ಹಾಡಿ ಗಿಟಾರ್ ನುಡಿಸಿ, ಬೆವರು ಒರೆಸಿಕೊಂಡು ಬ್ಯಾನ್‌ಶೀಸ್‌ಗೂ ನುಡಿಸಿದ. ಮುಂದೆ ಗಾಥ್ ಜಗತ್ತಿನ ದೊಡ್ಡ ಹೆಸರಾದ ಕ್ಯೂರ್ ಮೇಲೆ ಆ ರಾತ್ರಿಗಳ ಗುರುತು ಬಿದ್ದಿತು. ಸ್ಮಿತ್ ಅದನ್ನು ತಾನೇ ಹೇಳಿಕೊಂಡಿದ್ದಾನೆ. ಡ್ರಮ್ಸ್‌ಗೆ ಸ್ಲಿಟ್ಸ್ ಎಂಬ ಹುಡುಗಿಯರ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ಬಡ್ಜಿ ಬಂದ. ಬಂದವನು ಕೊನೆವರೆಗೂ ಉಳಿದ. ಸೂಝಿಯನ್ನು ಮದುವೆಯೂ ಆದ, ಆಮೇಲೆ ಬೇರೆಯೂ ಆದರು.

ಕತ್ತಲೆಯ ಸದ್ದು ಮಾಡುವುದು ಹೇಗೆ?

ಯಾವುದೋ ಹಾಡು ಖುಷಿ ಕೊಡುತ್ತದೆ, ಯಾವುದೋ ಹಾಡಿಗೆ ಮೈ ಜುಮ್ಮೆನ್ನುತ್ತದೆ. ಯಾಕೆ? ಈ ಬ್ಯಾಂಡನ್ನು ಬಿಚ್ಚಿ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ.

ಡ್ರಮ್ಸ್ ತಗೊಳ್ಳಿ. ಸಾಮಾನ್ಯ ರಾಕ್ ಹಾಡಿನಲ್ಲಿ ಲೋಹದ ತಟ್ಟೆಗಳ ‘ಟಿಸ್ ಟಿಸ್’ ಸದ್ದು ಉದ್ದಕ್ಕೂ ಇರುತ್ತದೆ. ಭಜನೆಯಲ್ಲಿ ತಾಳ ಇದ್ದ ಹಾಗೆ. ಕಿವಿಗೆ ಅದೊಂದು ಬೆಳಕು, ಅದನ್ನು ಹಿಡಿದುಕೊಂಡು ನಡೆಯುತ್ತೇವೆ. ಬ್ಯಾನ್‌ಶೀಸ್ ಶುರುವಿನಿಂದಲೂ ತಾಳವನ್ನು ಹಿಂದೆ ಸರಿಸಿ, ಟಾಮ್ ಎಂಬ ದಪ್ಪ ಚರ್ಮವಾದ್ಯಗಳನ್ನು ಮುಂದೆ ತಂದರು. ಭಜನೆ ಮಂಡಳಿಯ ತಾಳ ಕಿತ್ತುಕೊಂಡು ಡೊಳ್ಳು ಕೊಟ್ಟ ಹಾಗೆ. ಸದ್ದು ಎದೆಯ ಕೆಳಗೆ ಬಡಿಯುತ್ತದೆ, ಮೇಲೆ ಖಾಲಿ.

ಆ ಖಾಲಿ ಜಾಗದಲ್ಲಿ ಗಿಟಾರ್. 1980ರಲ್ಲಿ ಸೇರಿದ ಜಾನ್ ಮೆಕ್‌ಗಿಯಾಕ್ ತಂತಿಗಳನ್ನೆಲ್ಲ ಒಟ್ಟಿಗೆ ಬಾಚದೆ ಒಂದೊಂದಾಗಿ ಬಿಡಿಬಿಡಿಯಾಗಿ ಮೀಟುತ್ತಿದ್ದ. ಆ ಸದ್ದನ್ನು ಫ್ಲ್ಯಾಂಜರ್ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಹಾಯಿಸುತ್ತಿದ್ದ. ಖಾಲಿ ಕೊಡವನ್ನು ನಲ್ಲಿ ಕೆಳಗಿಟ್ಟರೆ ನೀರು ತುಂಬುತ್ತಾ ಹೋದ ಹಾಗೆ ಸದ್ದಿನ ಬಣ್ಣ ಬದಲಾಗುತ್ತದಲ್ಲ? ಬಾಯಿ ತನಕ ಬಂತು ಎಂದು ಒಳಗಿನಿಂದಲೇ ಗೊತ್ತಾಗುತ್ತದಲ್ಲ? ಫ್ಲ್ಯಾಂಜರ್ ಗಿಟಾರಿಗೆ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಒಂದೇ ಸ್ವರ ನಿಂತಲ್ಲೇ ಸುತ್ತುತ್ತಿರುವಂತೆ ಕೇಳುತ್ತದೆ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ ರಾತ್ರಿ ಗಾಳಿಗೆ ಅಲ್ಲಾಡಿದ ಹಾಗೆ.

ಇನ್ನು ದನಿ. ಸೂಝಿ ಇಂಪಾಗಿ ಹಾಡಲು ಹೋಗುವುದೇ ಇಲ್ಲ. ದಪ್ಪ, ನೇರ ದನಿ. ಅಪ್ಪಣೆ ಕೊಡುವಂತೆ ಶುರುಮಾಡಿ ಇದ್ದಕ್ಕಿದ್ದಂತೆ ಊಳಿಡುತ್ತಾಳೆ.

ಈ ಮೂರೂ ಒಟ್ಟಿಗೆ ಕೇಳಬೇಕಾದರೆ 1981ರ ‘ಸ್ಪೆಲ್‌ಬೌಂಡ್’ ಹಾಕಿ, ಇಯರ್‌ಫೋನ್‌ನಲ್ಲಿ. ಮೊದಲು ದೂರದಲ್ಲಿ ಗಿಟಾರ್ ತಂತಿ ಮಿನುಗುತ್ತದೆ. ಮಗುವಿನ ಕೋಣೆಯ ಮಾತು ಶುರುವಾಗುತ್ತದೆ. ಅಷ್ಟರಲ್ಲಿ ಬಡ್ಜಿಯ ಡ್ರಮ್ಸ್ ಕುದುರೆ ಕಿತ್ತುಕೊಂಡು ಓಡಿದ ಹಾಗೆ ನುಗ್ಗುತ್ತದೆ. ಈ ಹಾಡಿರುವ ‘ಜೂಜೂ’ ಆಲ್ಬಂ ಬ್ರಿಟನ್ನಿನಲ್ಲಿ 7ನೇ ಸ್ಥಾನ ಮುಟ್ಟಿತು. ‘ಸ್ಟ್ರೇಂಜರ್ ಥಿಂಗ್ಸ್’ ನಾಲ್ಕನೇ ಸೀಸನ್‌ನಲ್ಲೂ ಈ ಹಾಡು ಬಂದಿದೆ, ಹಾಗಾಗಿ ಕೆಲವರಿಗೆ ಕಿವಿಗೆ ಬಿದ್ದಿರಬಹುದು.

ಮೆಕ್‌ಗಿಯಾಕ್ ಹೆಚ್ಚು ದಿನ ಉಳಿಯಲಿಲ್ಲ. ಕುಡಿತ, ಒತ್ತಡ. 1982ರಲ್ಲಿ ಮ್ಯಾಡ್ರಿಡ್‌ನ ಕಾರ್ಯಕ್ರಮದ ಹೊತ್ತಿಗೆ ಕುಸಿದುಹೋದ. ಬದಲಿಗೆ ಬಂದವನು ಮತ್ತೆ ರಾಬರ್ಟ್ ಸ್ಮಿತ್.

ಕಾಡಿಗೆ ಮತ್ತು ಹಣೆಪಟ್ಟಿ

ಹಾಗಾದರೆ ಇವರು ಗಾಥ್ ಆದದ್ದು ಯಾವಾಗ? ಒಂದು ದಿನ ಹೇಳುವುದು ಕಷ್ಟ. 1979ರ ಸುಮಾರಿಗೆ ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಇಂಥ ಮಂಕು, ಗಂಭೀರ ಸದ್ದಿಗೆ ‘ಗಾಥಿಕ್’ ಎನ್ನತೊಡಗಿದವು. ಅದೇ ವರ್ಷ ಬೌಹೌಸ್ ಎಂಬ ಬ್ಯಾಂಡು ಹಳೆಯ ಡ್ರಾಕುಲಾ ನಟನ ಹೆಸರಿನಲ್ಲಿ ಒಂಬತ್ತು ನಿಮಿಷದ ಹಾಡು ತಂದಿತು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ‘ಬ್ಯಾಟ್‌ಕೇವ್’ ಎಂಬ ಕ್ಲಬ್ ತೆರೆಯಿತು. ಕಪ್ಪು ಲೇಸು, ಬೆಳ್ಳಗೆ ಬಳಿದ ಮುಖ, ಬಾಚಿ ಬಾಚಿ ನಿಲ್ಲಿಸಿದ ಕೂದಲು. ಅಲ್ಲಿಗೆ ಗಾಥ್ ಎಂಬುದು ಸಂಗೀತಕ್ಕಿಂತ ಜಾಸ್ತಿ ಒಂದು ವೇಷವಾಯಿತು. ಆ ವೇಷದ ಅಳತೆಪಟ್ಟಿ ಸೂಝಿಯ ಮುಖವೇ. ಈಜಿಪ್ಟಿನ ಗೋಡೆಚಿತ್ರದಂಥ ಕಣ್ಣು, ಮೂಕಿಚಿತ್ರದ ನಟಿಯರ ತುಟಿ. ಚೆಂದ ಕಾಣಲು ಬಳಿದ ಬಣ್ಣ ಅಲ್ಲ ಅದು. ಯಕ್ಷಗಾನದ ಬಣ್ಣದ ವೇಷದಂತೆ, ಒಳಗಿನ ಮನುಷ್ಯನನ್ನು ಅಡಗಿಸಿ ಇನ್ನೊಂದು ಮುಖವನ್ನು ಹೊರಗೆ ನಿಲ್ಲಿಸುವ ಬಣ್ಣ.

ಸೂಝಿಗೆ ಮಾತ್ರ ಆ ಹೆಸರು ಹಿಡಿಸಲೇ ಇಲ್ಲ. ನಮ್ಮನ್ನು ಒಂದು ಡಬ್ಬಿಗೆ ಹಾಕಬೇಡಿ ಎಂಬುದು ಅವಳ ತಕರಾರು. ಮುಂದಿನ ಹಾಡುಗಳನ್ನು ಕೇಳಿದರೆ ಆ ತಕರಾರು ನ್ಯಾಯವೇ ಅನ್ನಿಸುತ್ತದೆ.

ಋಷಿಕೇಶದಿಂದ ಬಂದ ಹಾಡು, ಲಂಡನ್ನಿನ ತಬಲಾ

ಬ್ಯಾನ್‌ಶೀಸ್‌ಗೆ ಬ್ರಿಟನ್ನಿನಲ್ಲಿ ಸಿಕ್ಕ ಅತಿ ದೊಡ್ಡ ಹಿಟ್ ಹುಟ್ಟಿದ್ದು ನಮ್ಮ ಗಂಗೆಯ ದಡದಲ್ಲಿ. 1968ರಲ್ಲಿ ಬೀಟಲ್ಸ್ ತಂಡ ಋಷಿಕೇಶದ ಮಹರ್ಷಿ ಮಹೇಶ್ ಯೋಗಿ ಆಶ್ರಮಕ್ಕೆ ಬಂದಿತ್ತು. ಅಲ್ಲಿ ಪ್ರೂಡೆನ್ಸ್ ಫ್ಯಾರೋ ಎಂಬ ಅಮೆರಿಕದ ಹುಡುಗಿ ಧ್ಯಾನಕ್ಕೆ ಕೂತರೆ ಕೋಣೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಬಾರಮ್ಮ ಹೊರಗೆ, ಬಿಸಿಲು ಬಂದಿದೆ ಎಂದು ಜಾನ್ ಲೆನನ್ ಬರೆದ ಹಾಡು ‘ಡಿಯರ್ ಪ್ರೂಡೆನ್ಸ್’. ಬ್ಯಾನ್‌ಶೀಸ್ 1983ರಲ್ಲಿ ಅದನ್ನು ತಮ್ಮದೇ ಧಾಟಿಯಲ್ಲಿ ಹಾಡಿ 3ನೇ ಸ್ಥಾನಕ್ಕೆ ಏರಿಸಿದರು. ಗಿಟಾರ್ ಸ್ಮಿತ್‌ನದು. ಅದೇ ಹಾಡು, ಆದರೆ ಕರೆಯುತ್ತಿರುವವಳು ಸೂಝಿ ಎಂದಮೇಲೆ ಹೊರಗೆ ಹೋಗಲು ಕಾಲು ಹಿಂದೇಟು ಹಾಕುತ್ತದೆ.

1985ರ ‘ಸಿಟೀಸ್ ಇನ್ ಡಸ್ಟ್’ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ್ದು. 1988ರ ‘ಪೀಕಬೂ’ ಹಾಡನ್ನು ಹಳೆಯ ರೆಕಾರ್ಡಿಂಗ್ ಒಂದರ ತುಣುಕನ್ನು ಹಿಂದುಮುಂದು ತಿರುಗಿಸಿ ಕಟ್ಟಿದರು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಆ ಸೆಪ್ಟೆಂಬರ್‌ನಲ್ಲಿ ಮಾಡರ್ನ್ ರಾಕ್ ಪಟ್ಟಿ ಶುರುಮಾಡಿದಾಗ ಅದರ ಮೊದಲ ನಂಬರ್ ಒನ್ ಈ ಹಾಡು.

1991ರಲ್ಲಿ ‘ಕಿಸ್ ದೆಮ್ ಫಾರ್ ಮಿ’. ಕಾರು ಅಪಘಾತದಲ್ಲಿ ಸತ್ತ ಹಾಲಿವುಡ್ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಕುರಿತ ಹಾಡು. ಅದರಲ್ಲಿ ತಬಲಾ ಇದೆ, ಬಾರಿಸಿದವನು ಲಂಡನ್ನಿನ ಪಂಜಾಬಿ ಹುಡುಗ ತಲ್ವಿನ್ ಸಿಂಗ್. ಅಮೆರಿಕದ ಮುಖ್ಯ ಪಟ್ಟಿಯಲ್ಲಿ 23ರವರೆಗೆ ಹೋಯಿತು, ಅಲ್ಲಿ ಇವರಿಗೆ ಅದಕ್ಕಿಂತ ದೊಡ್ಡ ಹಿಟ್ ಇಲ್ಲ. ತಲ್ವಿನ್ ಮುಂದೆ 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದ.

ಆಮೇಲೆ

1995ರ ‘ದ ರ್‍ಯಾಪ್ಚರ್’ 11ನೇ ಸ್ಟುಡಿಯೊ ಆಲ್ಬಂ, ಅದೇ ಕೊನೆಯದು. ಮರುವರ್ಷ ಬ್ಯಾಂಡು ಮುಚ್ಚಿತು. ಅದೇ ಹೊತ್ತಿಗೆ ಸೆಕ್ಸ್ ಪಿಸ್ಟಲ್ಸ್ ಹಣಕ್ಕಾಗಿ ಮತ್ತೆ ಒಂದಾಗಿದ್ದರು. ಒಬ್ಬರು ಮರಳಿ ಬರುತ್ತಿದ್ದಂತೆ ಇನ್ನೊಬ್ಬರು ಎದ್ದು ಹೋದರು. 2002ರಲ್ಲಿ ಒಮ್ಮೆ ಸೇರಿ ಒಂದು ಸುತ್ತು ಹಾಡಿದ್ದು ಬಿಟ್ಟರೆ ಅಲ್ಲಿಗೆ ಮುಗಿಯಿತು. ಮೆಕ್‌ಗಿಯಾಕ್ 2004ರಲ್ಲಿ ತೀರಿಕೊಂಡ. ಸೂಝಿ 2007ರಲ್ಲಿ ಒಂಟಿಯಾಗಿ ಒಂದು ಆಲ್ಬಂ ತಂದಳು. ಆಮೇಲೆ ಹೆಚ್ಚುಕಡಿಮೆ ಮೌನ. ಹತ್ತು ವರ್ಷದ ಬಿಡುವಿನ ನಂತರ 2023ರ ಮೇ ತಿಂಗಳಲ್ಲಿ ಬ್ರಸೆಲ್ಸ್‌ನಲ್ಲಿ ಮತ್ತೆ ವೇದಿಕೆ ಹತ್ತಿದಾಗ ಅವಳಿಗೆ 65. ‘ವೆನ್ಸ್‌ಡೇ’ ಬಂದು ಆಗಷ್ಟೇ ಆರು ತಿಂಗಳಾಗಿತ್ತು.

ಅಕ್ಕನ ಮಗಳಿಗೆ ‘ಕಿಸ್ ದೆಮ್ ಫಾರ್ ಮಿ’ ಕೇಳಿಸಿದೆ. ತಬಲಾ ಶುರುವಾಗುತ್ತಿದ್ದಂತೆ ಒಂದು ಕಿವಿಯ ಇಯರ್‌ಫೋನ್ ತೆಗೆದು, ‘ಮಾಮ, ಇದು ಗಾಥ್ ಅಲ್ಲ’ ಎಂದಳು. ಸೂಝಿಯೂ ಅದನ್ನೇ ಹೇಳ್ತಾಳೆ ಕಣೇ ಎಂದೆ. ಹಾಡು ಮುಗಿಯುವ ತನಕ ಇನ್ನೊಂದು ಕಿವಿಯದನ್ನು ಅವಳು ತೆಗೆಯಲಿಲ್ಲ.